ಬಿಸಿಲಿನ ತಿದ್ದುಪಡಿ

ನನ್ನ ಅಕ್ಕನ ಗಂಡನನ್ನು ಕಂಡರೆ ನನಗಾಗುವುದಿಲ್ಲ. ಭಾವನಿಗೆ ‘ಅವರು’ ಎನ್ನಬೇಕು, ಬಾಯಿ ಬರುವುದಿಲ್ಲ. ಇರುವುದು ಒಂದೇ ಮನೆ, ಅಕ್ಕ-ಭಾವ ಕೆಳಗೆ, ನಾನು ಮೇಲಿನ ಕೋಣೆಯಲ್ಲಿ. ಮನೆ ನಡೆಯುವುದು ನಮ್ಮಿಬ್ಬರ ಸಂಬಳದಿಂದ. ಮಾತು ಬಿಟ್ಟು ವರ್ಷಗಳಾಗಿದ್ದವು.

ದುಡಿಯುವುದೂ ಒಂದೇ ಸೇತುವೆಗೆ, ನಮ್ಮ ಗ್ರಹಚಾರ. ಅರ್ಧ ಕಿಲೋಮೀಟರ್ ಅಗಲದ ಹೊಳೆಯ ದಡದಲ್ಲಿ ಯಂತ್ರವಿಟ್ಟು ಆಚೆ ದಡಕ್ಕೆ ದೂರ ಅಳೆಯುವವನು ನಾನು. ಆಫೀಸಿನ ಫ್ಯಾನಿನಡಿ ಕೂತು ಲೆಕ್ಕ ಕಟ್ಟುವವನು ಅವನು. ನನ್ನ ಅಳತೆಯನ್ನು ಮೇಜಿನ ಮೇಲೆ ಎಸೆದು ಬರುತ್ತಿದ್ದೆ, ಅವನು ಮೂಗು ಮುರಿಯುತ್ತ ಎತ್ತಿಕೊಳ್ಳುತ್ತಿದ್ದ.

ಯಂತ್ರ ಬೆಳಕು ಬಿಟ್ಟು, ಅದು ಹೋಗಿಬರುವ ಹೊತ್ತಿನಿಂದ ದೂರ ಹೇಳುತ್ತದೆ. ಕಾದ ಗಾಳಿಯಲ್ಲಿ ಬೆಳಕು ಒಂಚೂರು ಬೇಗ ಬರುತ್ತದೆ, ದೂರ ಕಡಿಮೆ ತೋರುತ್ತದೆ. ಆ ಕೊರತೆ ತುಂಬುವುದೇ ಬಿಸಿಲಿನ ತಿದ್ದುಪಡಿ.

ಮೊನ್ನೆ ಕ್ರೇನು ಕೊನೆಯ ಉಕ್ಕಿನ ತೊಲೆಯನ್ನು ಇಳಿಸಿತು. ಭಾವನ ಲೆಕ್ಕದಂತೆ ಕತ್ತರಿಸಿದ ತೊಲೆ. ಬೆರಳಗಲ ಉದ್ದವಾಗಿ, ಕಂಬದ ಮೇಲೆ ಕೂರಲೇ ಇಲ್ಲ.

“ತಪ್ಪು ಯಾರದ್ದೋ, ಅವ್ರು ಇವತ್ತೇ ಮನೆಗೆ,” ಎಂದ ದೊಡ್ಡ ಎಂಜಿನಿಯರ್.

ನನ್ನ ಹೊಟ್ಟೆ ತಣ್ಣಗಾಯಿತು. ಇವನ ಕಥೆ ಮುಗಿಯಿತು ಅಂದುಕೊಂಡೆ.

“ಬಿಸಿಲಿನ ತಿದ್ದುಪಡಿ ಮಾಡಿದ್ಯಾರು?”

“ನಾನು ಸರ್!” ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

ಭಾವ ನನ್ನತ್ತ ಬೆರಳು ಚಾಚಿದ. “ಸುಳ್ಳು ಸರ್. ಈ ದಂಡಪಿಂಡಕ್ಕೆ ಅದೆಲ್ಲ ಎಲ್ಲಿ ನೆನಪಿರತ್ತೆ? ವರಾಂಡದ ಥರ್ಮಾಮೀಟರ್ ನೋಡಿ ಪ್ರತಿ ಸಲ ಲೆಕ್ಕದಲ್ಲಿ ಸೇರಿಸಿದ್ದು ನಾನು.”

“ಯಂತ್ರ ತರ್ಲಾ ಸರ್? ಅಳೆಯೋ ಮುಂಚೇನೇ ಗಾಳಿಯ ತಾಪ, ಒತ್ತಡ ಎಲ್ಲ ಅದಕ್ಕೆ ಕೊಟ್ಟಿದೀನಿ, ಅದೇ ತಿದ್ದಿ ದೂರ ತೋರ್ಸತ್ತೆ. ಒಂದು ದಿನಾನೂ ತಪ್ಪಿಸಿಲ್ಲ!”

ನಾನು ಕೂಗಿ ಮುಗಿಸುವಷ್ಟರಲ್ಲಿ ಭಾವನ ಬೆರಳು ತಾನಾಗಿ ಕೆಳಗಿಳಿಯಿತು. ಒಂದೇ ಕೊರತೆಯನ್ನು ಇಬ್ಬರೂ ತುಂಬಿದ್ದೆವು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

“ಇಬ್ರೂ ಹೊರಡಿ,” ಎಂದ ಎಂಜಿನಿಯರ್.

ದಾರಿಯುದ್ದಕ್ಕೂ ಅವನು ರಸ್ತೆಯ ಆ ಬದಿ, ನಾನು ಈ ಬದಿ. ಅವನನ್ನು ಶಪಿಸುತ್ತಲೇ ನಡೆದೆ. ಗೇಟಿನ ಬಳಿ ಮಾತ್ರ ಬದಿಗಳು ಮುಗಿದು ಹೋದವು.

ಅಕ್ಕ ಬಾಗಿಲು ತೆಗೆದಳು. ಹೊತ್ತಿಗೆ ಮುಂಚೆಯೇ ಬಂದ ನಮ್ಮಿಬ್ಬರನ್ನೂ ನೋಡಿ ಅವಳ ಮುಖ ಅರಳಿತು.

“ಅಂತೂ ಒಟ್ಟಿಗೆ ಬಂದ್ರಲ್ಲಪ್ಪಾ! ಮಾತಾಡ್ಕೊಂಡ್ರಾ?”