ಹಕ್ಕಿಕಾಲಿನ ಗುರುತು

“ಏನಂದೆ? ಇನ್ನೊಂದ್ಸಲ ಓದು.”

ಗೋರಿಯಂಚಿನಲ್ಲಿ ಹೂವಿಟ್ಟು, ಅದಕ್ಕೆ ಕಟ್ಟಿದ್ದ ಬಟ್ಟೆಪಟ್ಟಿಯ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದ ಲಾಸ್ಸೆ ತಡವರಿಸಿದ. ಬಂದವರು ಒಬ್ಬೊಬ್ಬರಾಗಿ ಹೀಗೆ ಓದುವುದು ವಾಡಿಕೆ. ನಡುವೆ ಬಾಯಿ ಹಾಕಿದವರನ್ನು ಯಾರೂ ಕಂಡಿರಲಿಲ್ಲ. ಆದರೆ ಸತ್ತವಳ ತಂಗಿ ಔನೆಗೆ ಮೈಯೆಲ್ಲ ಉರಿಯುತ್ತಿತ್ತು.

“‘ನಮ್ಮ ಪ್ರೀತಿಯ ಬಳಕೆದಾರರಾದ ಸೈಮಿಯವರಿಗೆ’ ಅಂತ...”

“ಬಳಕೆದಾರಳಾ? ಆ ಕೋಲು ಮಾಡಿದ್ದು ಯಾರಯ್ಯ, ನಿಮ್ಮಪ್ಪನಾ?”

“ಬಿಡೇ ಔನೆ, ಹೆಣದ ಮುಂದೆ ಜಗಳ ಬೇಡ,” ಎಂದು ಪಕ್ಕದ ಮನೆಯ ಮುದುಕ ಉರ್ಹೊ ತೋಳು ಹಿಡಿದ.

“ಅವಳು ಬದುಕಿದ್ದಾಗ ನಾವೆಲ್ಲ ಬಾಯಿ ಮುಚ್ಕೊಂಡಿದ್ದು ಸಾಲ್ದಾ?”

*

ಲಾಸ್ಸೆಯದು ಮೂರೇ ಜನರ ಕಂಪನಿ. ಕುಹ್ಮೊ ಊರಿನ ಗ್ರಂಥಾಲಯದಲ್ಲಿ ಪ್ರತಿ ಮಂಗಳವಾರ ಮುದುಕರನ್ನು ಸೇರಿಸಿ ಕಾಫಿ, ಬನ್ನು ಕೊಡುತ್ತಿದ್ದ. “ಮಂಜುಗಡ್ಡೆ ಮೇಲೆ ಜಾರದ ಊರುಗೋಲು. ಎಲ್ರೂ ಕೂಡಿ ಮಾಡೋಣ, ಎಲ್ರ ಹೆಸರೂ ಇರುತ್ತೆ,” ಎಂದಿದ್ದ. ಅವನು ತಂದ ಮೂರು ಕೋಲೂ ಜಾರಿದವು. ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸವೆದಿದ್ದ ಸೈಮಿ ಮನೆಗೆ ಬಂದು, ಹಿಮದ ಮೇಲೆ ಓಡಿಸುವ ಹಳೆಯ ಜಾರುಬಂಡಿಯ ಕಬ್ಬಿಣ ಕತ್ತರಿಸಿ, ಕೋಲಿಗೊಂದು ಅಗಲವಾದ ಪಾದ ಕೂರಿಸಿದಳು. ಅದರಡಿಯಲ್ಲಿ ಅರದಿಂದ ಹಕ್ಕಿಕಾಲು ಕೊರೆದಳು. ಅಜ್ಜನ ಕಾಲದಿಂದ ಅವರ ಮನೆಯ ಕೊಡಲಿ, ದೋಣಿಯ ಹುಟ್ಟು, ಎಲ್ಲದರ ಮೇಲೂ ಇದ್ದ ಗುರುತು ಅದು.

“ಇದ್ಯಾಕೆ?” ಔನೆ ಕೇಳಿದ್ದಳು.

“ನಮ್ದು ಅಂತ ಗೊತ್ತಾಗ್ಲಿ.”

ಅಚ್ಚು ತೆಗೆದು ಕೊಡುತ್ತೇನೆಂದು ಲಾಸ್ಸೆ ಒಯ್ದ ಪಾದ ಮರಳಿ ಬರಲೇ ಇಲ್ಲ. ಅಂಗಡಿಗೆ ಬಂದ ಕೋಲಿನ ಪೆಟ್ಟಿಗೆಯ ಮೇಲೆ ಅವನದೊಂದೇ ಹೆಸರು. ಸೈಮಿ ಅದನ್ನು ಓದಿ, ಕನ್ನಡಕ ತೆಗೆದಿಟ್ಟು, ಆಲೂಗಡ್ಡೆ ಸುಲಿಯಲು ಕುಳಿತಳು.

*

“ಐಡಿಯಾ ಎಲ್ರದ್ದೂ, ಔನೆಯವ್ರೇ. ಅದ್ರಲ್ಲಿ ಸೈಮಿಯವ್ರದ್ದು ಇಂಥದ್ದೇ ಅಂತ ಹೇಗೆ ಹೇಳೋದು?” ಎಂದ ಗೋರಿಯಂಚಿನಲ್ಲಿ ನಿಂತಿದ್ದ ಲಾಸ್ಸೆ.

ಔನೆ ಉರ್ಹೊನ ಕೈಯಿಂದ ಕೋಲು ಕಿತ್ತುಕೊಂಡಳು. ಲಾಸ್ಸೆಯ ಕಂಪನಿಯದೇ ಕೋಲು. ತಲೆಕೆಳಗು ಮಾಡಿ ಅವನ ಮೂಗಿಗೆ ಹಿಡಿದಳು.

“ಇದೇನು?”

“ಅದು... ಜಾರದಿರ್ಲಿ ಅಂತ ಗೆರೆ.”

“ಗೆರೆಯಂತೆ ಗೆರೆ! ನಮ್ಮಜ್ಜನ ಗುರುತು ಕಣೋ ಅದು. ಕದಿಯೋಕೂ ನೆಟ್ಟಗೆ ಬರ್ಲಿಲ್ವಲ್ಲೋ ನಿನಗೆ! ತಿರುಗಿ ನೋಡು.”

ಲಾಸ್ಸೆ ತಿರುಗಿದ. ಬೆಳಗ್ಗೆ ಬಿದ್ದ ಹೊಸ ಹಿಮದಲ್ಲಿ, ಚರ್ಚಿನ ಬಾಗಿಲಿನಿಂದ ಗೋರಿಯವರೆಗೆ, ಕೋಲೂರಿ ಬಂದ ಮುದುಕರ ಹೆಜ್ಜೆಗಳ ಪಕ್ಕದಲ್ಲೆಲ್ಲ ಹಕ್ಕಿಕಾಲು ಮೂಡಿತ್ತು.