ಹಾಡದೆ ಉಳಿದ ಸುದ್ದಿ

ಮುದ್ರೆ ಒತ್ತಿದ ಮೇಲೂ ಎಟೆಲ್ಕಾ ಪಾಸ್‌ಪೋರ್ಟಿಗೆ ಕೈ ಚಾಚಲಿಲ್ಲ. ಗಡಿಯ ಗೇಟಿನಲ್ಲಿ ಗಾಜಿನ ಹಿಂದೆ ಕೂತಿದ್ದ ಪೊಲೀಸಿನವಳು ಅದನ್ನು ಬೆರಳಿನಿಂದ ಒಮ್ಮೆ ಮುಂದಕ್ಕೆ ತಳ್ಳಿದಳು, ಸ್ವಲ್ಪ ಹೊತ್ತು ನೋಡಿ ಇನ್ನೊಮ್ಮೆ ತಳ್ಳಿದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಏನೇ ಎಟೆಲ್ಕಾ, ಐವತ್ತೊಂಬತ್ತು ವರ್ಷ ಕಾದಿದ್ದು ಸಾಲಲಿಲ್ವಾ ನಿಂಗೆ? ನಡಿ ಮುಂದೆ, ನನ್ನ ಕಾಲು ಮರಗಟ್ತಾ ಇದೆ," ಎಂದ ಪಕ್ಕದ ಮನೆಯ ಬಾಲಿಂಟ್. ಎಂಬತ್ತು ದಾಟಿದ ಮುದುಕ, ಮದುವೆಗೆ ಹೊರಟವನಂತೆ ಕಪ್ಪು ಟೋಪಿ ಹಾಕಿಕೊಂಡು ಬಂದಿದ್ದ.

"ನಿಂಗೆ ಆ ಕಡೆ ಯಾರಿದಾರೆ ಅಂತ ಇಷ್ಟು ಅವಸರ?"

"ಯಾರೂ ಇಲ್ಲ. ಇದ್ದೋರೆಲ್ಲ ಸತ್ತೋದ್ರು. ಆದ್ರೆ ತಂತಿ ಎಳೆಯೋ ಹಿಂದಿನ ದಿನ ಆ ಯೋಷ್ಕಾ ನನ್ನ ಸಾಣೆಕಲ್ಲು ಒಯ್ದಿದ್ದ. ನಾಳೆ ಕೊಡ್ತೀನಿ ಅಂದಿದ್ದ. ಅವನ ಮೊಮ್ಮಕ್ಕಳ ಹತ್ರ ಕೇಳ್ತೀನಿ."

ಸಾಲೆಲ್ಲ ನಕ್ಕಿತು. ಎಟೆಲ್ಕಾ ನಗಲಿಲ್ಲ. ಪಾಸ್‌ಪೋರ್ಟನ್ನು ಕೋಟಿನ ಒಳಜೇಬಿಗೆ ತುರುಕಿ, ಕಾಫಿ ಪುಡಿಯ ಎರಡು ಪೊಟ್ಟಣವಿದ್ದ ಚೀಲವನ್ನು ಎದೆಗವಚಿಕೊಂಡು ಹೊರಟಳು.

"ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ಕೋ!" ಎಂದು ಬಾಲಿಂಟ್ ಹಿಂದಿನಿಂದ ಕೂಗಿದ. "ಆ ಕಡೆಯವರು ನಮಗಿಂತ ಒಂದು ಗಂಟೆ ಮೊದಲೇ ಮುದುಕರಾಗ್ತಾರೆ."

ಬೆರೆಕ್ ಊರಿನಲ್ಲಿ ಇದ್ದದ್ದು ಒಂದೇ ಬೀದಿ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಸೈನಿಕರು ಬಂದು ಅದರ ನಡುವೆ ಕಂಬ ನೆಟ್ಟು ತಂತಿ ಎಳೆದರು. ಮೇಲಿನ ಬೆರೆಕ್ ಚೆಕೊಸ್ಲೊವಾಕಿಯಾಕ್ಕೆ, ಕೆಳಗಿನ ಬೆರೆಕ್ ಸೋವಿಯತ್ ದೇಶಕ್ಕೆ. ಹಂಗೇರಿಯನ್ ಮಾತಾಡುವ ಊರಿಗೆ ಎರಡು ದೇಶ ಸಿಕ್ಕಿತು. ಕಾವಲಿಗೆ ಬಂದವರಲ್ಲಿ ಊರಿನ ಮಾತು ಬಲ್ಲವರು ಎರಡು ಕಡೆಯೂ ಇರಲಿಲ್ಲ. ಆ ವಾರ ಎಟೆಲ್ಕಾಗೆ ದಡಾರ ಎದ್ದಿತ್ತು. ಅಂಟೀತೆಂದು ತಂಗಿ ವಿಲ್ಮಾಳನ್ನು ಬೀದಿಯ ಕೆಳತುದಿಯಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿದ್ದರು. ಹತ್ತು ವರ್ಷದ ಹುಡುಗಿ ಒಂದು ಅಂಗಿ, ಒಂದು ಬಾಚಣಿಗೆ ಹಿಡಿದುಕೊಂಡು ಹೋದವಳು ಅಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು, ಅಲ್ಲೇ ಹೆತ್ತಳು. ಎರಡು ಮನೆಗಳ ನಡುವೆ ಇನ್ನೂರು ಹೆಜ್ಜೆ.

ಕಾಲ ಬದಲಾಗಿ, ದೇಶಗಳ ಹೆಸರೂ ಬದಲಾದ ಮೇಲೆ, ಪಟ್ಟಣದ ದಾರಿಯಲ್ಲಿ ಸುತ್ತಿಬಳಸಿ ಆ ಕಡೆ ಹೋಗಿಬರಲು ಬಸ್ಸು ಬಂತು. ಮೇಲಿನ ಬೆರೆಕ್‌ನ ಮುದುಕಿಯರೆಲ್ಲ ಒಬ್ಬೊಬ್ಬರಾಗಿ ಹೋಗಿ ಅತ್ತು ಬಂದರು. ಎಟೆಲ್ಕಾ ಮಾತ್ರ ಹೋಗಲಿಲ್ಲ. ಮೊದಲು ಹಸು ಕರು ಹಾಕುವುದರಲ್ಲಿತ್ತು. ಆಮೇಲೆ ಮಂಡಿ ನೋವು. ಆಮೇಲೆ ಗಂಡ ಹಾಸಿಗೆ ಹಿಡಿದ. ಗಂಡ ಸತ್ತ ಮೇಲೆ ಮತ್ತೆ ಮಂಡಿ ನೋವು. ವಿಲ್ಮಾ ಎರಡು ಸಲ ವೀಸಾಕ್ಕೆ ಅರ್ಜಿ ಹಾಕಿದಳು, ಎರಡು ಸಲವೂ ಕೊಡಲಿಲ್ಲ. ಅಷ್ಟರಲ್ಲಿ ಅವಳ ಸೊಂಟವೇ ಬಿದ್ದುಹೋಯಿತು. ಈಗ ಬೀದಿಯ ನಡುವೆಯೇ ಗೇಟು ಇಟ್ಟಿದ್ದರು. ನೆವ ಹೇಳಲು ಏನೂ ಉಳಿದಿರಲಿಲ್ಲ.

ಗೇಟಿನಾಚೆ ವಿಲ್ಮಾಳ ಮಗಳು ಗಿಜಿ ಕಾದಿದ್ದಳು. ನಲವತ್ತನಾಲ್ಕು ವರ್ಷದ ದಪ್ಪನೆಯ ಹೆಂಗಸು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಹಿಮ ತುಳಿಯುತ್ತ ಓಡಿಬಂದು ಎಟೆಲ್ಕಾಳನ್ನು ಅಪ್ಪಿ ಎರಡೂ ಕೆನ್ನೆಗೆ ಮುತ್ತಿಟ್ಟಳು.

"ದೊಡ್ಡಮ್ಮ! ಅಯ್ಯೋ, ನೀವು ಇಷ್ಟು ಕುಳ್ಳಗಿದೀರಾ? ತಂತಿ ಹಿಂದೆ ನೋಡಿದಾಗೆಲ್ಲ ಎತ್ತರ ಕಾಣ್ತಿದ್ರಿ."

"ಬೇಲಿ ಗಿಡ್ಡ ಇತ್ತೇನೋ," ಎಂದಳು ಎಟೆಲ್ಕಾ.

"ಅಮ್ಮ ನಾಲ್ಕು ಗಂಟೆಗೇ ಎದ್ದು ಕೂತಿದಾಳೆ. ನನ್ನ ಒಲೆ ಹತ್ರ ಬಿಟ್ಟುಕೊಳ್ತಿಲ್ಲ. ಗಸಗಸೆ ಶಾವಿಗೆ ತಾನೇ ಮಾಡ್ಬೇಕಂತೆ, ಅಜ್ಜಿ ಮಾಡ್ತಿದ್ದ ಹಾಗೆ. ನಿಮಗೆ ನೆನಪಿದ್ಯಾ, ಅಜ್ಜಿ ಮಾಡ್ತಿದ್ದಿದ್ದು?"

ಎಟೆಲ್ಕಾ ಈ ಹೆಂಗಸಿನ ಮುಖವನ್ನು ನೋಡಿದಳು. ತನ್ನ ಅಮ್ಮ ಸಾಯುವ ಮುಂಚೆ ಒಮ್ಮೆ ನೋಡಬೇಕೆಂದಿದ್ದ ಮುಖ ಇದೇ. ಆಗ ಎರಡು ತಿಂಗಳ ಕೂಸು.

ಬೇಲಿಯ ಬಳಿ ಮಾತಾಡಿದರೆ, ಕೈ ಬೀಸಿದರೆ ಕಾವಲಿನವರು ಗಾಳಿಗೆ ಗುಂಡು ಹಾರಿಸುತ್ತಿದ್ದ ಕಾಲ ಅದು. ಹಾಡುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಹುಲ್ಲು ಕೊಯ್ಯುವ ಹೆಂಗಸರು ಎಲ್ಲಾದರೂ ಹಾಡುವವರೇ. ಹಾಗಾಗಿ ಬೆರೆಕ್‌ನವರು ಸುದ್ದಿಯನ್ನು ಹಾಡುತ್ತಿದ್ದರು. ಹುಲ್ಲು ಬಾಚುವ ಕೈಕುಂಟೆ ಹಿಡಿದು, ಬೆನ್ನು ಬಗ್ಗಿಸಿ, ಎಲ್ಲರೂ ಬಲ್ಲ ಕೊಯ್ಲಿನ ಹಾಡನ್ನು ಎತ್ತಿಕೊಂಡು ಎರಡು ನುಡಿ ಇದ್ದ ಹಾಗೇ ಹಾಡಬೇಕು. ಮೂರನೆಯದರಲ್ಲಿ ಆ ಕಡೆಯವರ ಹೆಸರು ಬರುತ್ತದೆ, ಅದರ ಬೆನ್ನಿಗೆ ಹುಟ್ಟು, ಮದುವೆ, ಕಾಯಿಲೆ. ಕೇಳಿಸಿಕೊಂಡವರು ಕುಂಟೆಯನ್ನು ಹೆಗಲಿಗೇರಿಸಿ ನಡೆದರೆ ಮುಟ್ಟಿತು ಎಂದರ್ಥ. ಒಂದು ಕಟ್ಟಳೆಯಿತ್ತು: ಮನೆಯ ಕಾಯಿಲೆಯನ್ನೂ ಸಾವನ್ನೂ ಆ ಮನೆಯವರೇ ಹಾಡಬೇಕು. ಬೇರೆ ಬಾಯಲ್ಲಿ ಬಂದರೆ ಸಾವನ್ನು ಕರೆದಂತೆ ಎಂದು ಯಾರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ.

ವಿಲ್ಮಾ ಬಾಗಿಲಲ್ಲೇ ನಿಂತಿದ್ದಳು, ಎರಡೂ ಕೈಯಲ್ಲಿ ಕೋಲು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡಾಗ ಒಂದು ಕೋಲು ಬಿತ್ತು. ಇಬ್ಬರಿಗೂ ಬಗ್ಗಲಾಗದೆ ಗಿಜಿಯೇ ಎತ್ತಿಕೊಟ್ಟಳು.

"ನಡುಗ್ತಾ ಇದೀಯಲ್ಲೇ ಅಕ್ಕ," ಎಂದಳು ವಿಲ್ಮಾ.

"ಚಳಿ."

"ಇನ್ನೂರು ಹೆಜ್ಜೆಗೆ ಚಳಿಯಾ? ಕೂತ್ಕೋ ಒಲೆ ಹತ್ರ. ಗಿಜಿ, ನೀನು ಹೋಗಿ ಅಂಗಡಿಯಿಂದ ಹಾಲಿನ ಕೆನೆ ತಗೊಂಡು ಬಾ. ನಿಧಾನವಾಗಿ ಬಾ."

"ಕೆನೆ ಮನೇಲೇ ಇದೆಯಲ್ಲಮ್ಮ."

"ಇನ್ನಷ್ಟು ತಾ ಅಂದೆ."

ಗಿಜಿ ನಕ್ಕು ಹೊರಗೆ ಹೋದಳು. ವಿಲ್ಮಾ ಬಸಿದಿಟ್ಟಿದ್ದ ಅಗಲ ಶಾವಿಗೆಯನ್ನು ಎರಡು ತಟ್ಟೆಗೆ ಬಡಿಸಿ, ಮೇಲೆ ಪುಡಿಮಾಡಿದ ಗಸಗಸೆಯನ್ನೂ ಸಕ್ಕರೆಯನ್ನೂ ಉದುರಿಸಿದಳು. ಎದುರು ಕುಳಿತಳು, ಆದರೆ ಚಮಚ ಮುಟ್ಟಲಿಲ್ಲ.

"ಅವಳು ಬರೋದ್ರೊಳಗೆ ಹೇಳ್ಬಿಡ್ತೀನಿ. ಮಧ್ಯ ಬಾಯಿ ಹಾಕಬೇಡ ಅಕ್ಕ. ಈ ಮಾತು ಹೇಳೋಕೆ ಅಂತಲೇ ಎರಡು ಸಲ ವೀಸಾ ಕೇಳಿದ್ದು ನಾನು. ಕಾಗದದಲ್ಲಿ ಬರೆಯೋಕೆ ಆಗ್ಲಿಲ್ಲ."

ಎಟೆಲ್ಕಾ ಎತ್ತಿದ್ದ ಚಮಚವನ್ನು ಕೆಳಗಿಟ್ಟಳು. ಇವಳಿಗೆ ಗೊತ್ತಿದೆ, ಎಂದುಕೊಂಡಳು. ಮೊದಲಿನಿಂದಲೂ ಗೊತ್ತಿದೆ.

"ಅಮ್ಮ ಹೋದ ಆ ಬೇಸಿಗೆ," ಎಂದಳು ವಿಲ್ಮಾ, "ಎರಡನೇ ಸಲ ಹುಲ್ಲು ಕೊಯ್ಯೋ ಕಾಲ. ಅಮ್ಮ ಇನ್ನು ಹೆಚ್ಚು ದಿನ ಇರಲ್ಲ ಅಂತ ನೀನು ವಸಂತದಲ್ಲೇ ಹಾಡಿದ್ದೆ. ಕೊನೇ ಸುದ್ದಿ ಬರುತ್ತೆ, ನನ್ನ ಕರೀತಾಳೆ ಅಂತ ನಂಗೆ ಗೊತ್ತಿತ್ತು. ಅಷ್ಟರಲ್ಲಿ ಕಾವಲಿನ ಅಧಿಕಾರಿ ನಮ್ಮ ಯಜಮಾನ್ರನ್ನ ಕರೆಸಿ ಹೇಳಿದ್ದ, ನಿನ್ನ ಹೆಂಡ್ತಿ ಇನ್ನೊಂದು ಸಲ ಬೇಲಿ ಹತ್ರ ನಿಂತಿದ್ದು ಕಂಡ್ರೆ ಸಂಸಾರ ಸಮೇತ ರೈಲು ಹತ್ತಿಸ್ತೀನಿ ಅಂತ. ಎಲ್ಲಿಗೆ ಅಂತ ಹೇಳ್ಲಿಲ್ಲ. ಮಗುಗೆ ಎರಡು ತಿಂಗಳು. ನಾನು ಏನ್ ಮಾಡ್ದೆ ಗೊತ್ತಾ?"

ವಿಲ್ಮಾ ಬೀದಿಯ ಕಡೆಗೆ ಕೈ ತೋರಿಸಿದಳು.

"ಕಿಟಕಿ ಮುಚ್ಚಿದೆ. ಬೀದಿ ಕಡೆಯದು ಎಲ್ಲ. ಸಂದಿಗೆ ಬಟ್ಟೆ ತುರುಕಿದೆ. ಆ ಸೆಖೆಯಲ್ಲಿ ಮೂರು ವಾರ. ಮಗು ಮೈಯೆಲ್ಲ ಬೆವರುಗುಳ್ಳೆ. ನಿನ್ನ ದನಿ ಕೇಳಿಸಿದ್ರೆ ನಂಗೆ ಬರದೆ ಇರೋಕಾಗ್ತಿರಲಿಲ್ಲ ಅಕ್ಕ, ಅದಕ್ಕೇ ಕೇಳಿಸದ ಹಾಗೆ ಮಾಡ್ಕೊಂಡೆ. ನೀನು ಅಲ್ಲಿ ಗಂಟಲು ಹರ್ಕೊಂಡು ಹಾಡಿರ್ತೀಯ. ನಾನು ಇಲ್ಲಿ, ಇದೇ ಒಲೆ ಮುಂದೆ ಕೂತಿದ್ದೆ. ಆಮೇಲೆ ಒಂದು ದಿನ ಚರ್ಚಲ್ಲಿ ಸಾವಿನ ಗಂಟೆ ಬಾರಿಸಿದ್ರು. ಗಂಟೆ ಮುಚ್ಚಿದ ಕಿಟಕಿಗೂ ಕೇಳುತ್ತೆ."

ಎಟೆಲ್ಕಾ ಮೇಜಿನ ಅಂಚನ್ನು ಹಿಡಿದಳು. ಆ ಬೇಸಿಗೆ ಈ ಮನೆಯ ಕಿಟಕಿಗಳು ಮುಚ್ಚಿದ್ದವು ಎಂಬುದೇ ಅವಳಿಗೆ ತಿಳಿದಿರಲಿಲ್ಲ. ತಲೆಯೆತ್ತಿ ಒಮ್ಮೆ ಈ ಕಡೆ ನೋಡಿದ್ದರೆ ಕಾಣುತ್ತಿತ್ತು. ಅವಳು ನೋಡಿರಲೇ ಇಲ್ಲ.

"ಅಮ್ಮ ಏನಂದ್ಲು?" ವಿಲ್ಮಾ ಅಳುತ್ತಲೇ ತಟ್ಟೆಯನ್ನು ಬದಿಗೆ ಸರಿಸಿದಳು. "ಶಾಪ ಹಾಕಿದ್ಲಾ? ಹಾಕಿದ್ರೂ ಸರಿ, ಹೇಳು."

"ಇಲ್ಲ. ಅಮ್ಮ ಏನೂ ಅನ್ಲಿಲ್ಲ," ಎಂದಳು ಎಟೆಲ್ಕಾ. "ನಿದ್ದೇಲೇ ಹೋದ್ಲು."

ಎಷ್ಟು ಸಲೀಸಾಗಿ ಬಂತು ಆ ಮಾತು! ಇಲ್ಲಿಗೆ ಮುಗಿಯಿತು ಎಂದು ಒಂದು ಕ್ಷಣ ಅನ್ನಿಸಿತು. ಹಾಡಿದ್ದರೂ ಇವಳಿಗೆ ಕೇಳುತ್ತಿರಲಿಲ್ಲವಲ್ಲ. ಇದನ್ನು ಹೊತ್ತುಕೊಂಡು ಮನೆಗೆ ಹೋಗಬಹುದು, ಕಾಫಿ ಪುಡಿ ಕೊಟ್ಟು, ಶಾವಿಗೆ ತಿಂದು.

ಆಗ ವಿಲ್ಮಾ ಮೇಜಿನ ಮೇಲೆ ಬಗ್ಗಿ ಅಕ್ಕನ ಕೈಯನ್ನು ಎಳೆದು, ಚರ್ಚಿನಿಂದ ಬರುವ ಮಕ್ಕಳು ಹಿರಿಯರ ಕೈಗೆ ಮುತ್ತಿಡುವ ಹಾಗೆ, ಮುತ್ತಿಟ್ಟಳು. ತುಟಿ ಒದ್ದೆಯಾಗಿತ್ತು. "ನೀನಾದ್ರೂ ಕ್ಷಮಿಸಿಬಿಡೇ," ಎಂದಳು.

ಎಟೆಲ್ಕಾ ಕೈಯನ್ನು ಕಿತ್ತುಕೊಂಡಳು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ.

"ನಾನು ಹಾಡ್ಲಿಲ್ಲ."

"ಏನು?"

"ಹಾಡ್ಲಿಲ್ಲ ಕಣೆ. ಅಮ್ಮ ಹೇಳಿದ್ಲು, ಭಾನುವಾರ ವಿಲ್ಮಾ ಬೇಲಿ ಹತ್ರ ಬಂದು ಮಗೂನ ಒಂದ್ಸಲ ಎತ್ತಿ ತೋರಿಸ್ಲಿ, ಹಾಡಿ ಹೇಳು ಅಂತ. ಕಿಟಕಿ ಪಕ್ಕಕ್ಕೇ ಮಂಚ ಹಾಕಿಸ್ಕೊಂಡಿದ್ಲು. ನಾನು ಕುಂಟೆ ತಗೊಂಡು ಹೋದೆ. ಹಾಡು ಎತ್ತಿಕೊಂಡೆ. ಎರಡು ನುಡಿ ಹಾಡಿದೆ. ಮೂರನೇದ್ರಲ್ಲಿ ನಿನ್ನ ಹೆಸರು ಬರಬೇಕಿತ್ತು. ಹಾಡು ಹೇಗಿದ್ಯೋ ಹಾಗೇ ಮುಗಿಸಿ ಮನೆಗೆ ಬಂದೆ."

"ಹೆದರಿಕೆಯಾಯ್ತಾ? ನಿಮ್ಮ ಕಡೆಯ ಕಾವಲಿನವರು—"

"ಹೆದರಿಕೆ ಇಲ್ಲ. ನನ್ನ ಪರವಾಗಿ ನೀನು ನೆವ ಹುಡುಕಬೇಡ." ಎಟೆಲ್ಕಾಳ ದನಿ ಗಡಸಾಯಿತು. "ಎರಡು ವರ್ಷ ಅಮ್ಮನ್ನ ಎತ್ತಿದ್ದು, ತೊಳೆದಿದ್ದು, ಉಣ್ಸಿದ್ದು ನಾನು. ಅವಳ ಕಣ್ಣು ಮಾತ್ರ ಕಿಟಕೀಲೇ. ಒಂದು ದಿನ ತಲೆಗೆ ನೀರು ಹಾಕ್ತಿದ್ದೆ. ಕಣ್ಮುಚ್ಕೊಂಡು, 'ನಿನ್ನ ಕೈ ಎಷ್ಟು ಮೃದು ವಿಲ್ಮಾ' ಅಂದ್ಲು. ವಿಲ್ಮಾ ಅಂದ್ಲು. ಅವತ್ತೇ ನಾನು ಬೇಲಿಗೆ ಹೋಗಿದ್ದು."

ಒಲೆಯಲ್ಲಿ ಸೌದೆ ಕುಸಿದ ಸದ್ದಾಯಿತು.

"ಭಾನುವಾರ ಆಯ್ತು. ಹಾಡಿದ್ಯಾ ಅಂತ ಕೇಳಿದ್ಲು. ಹಾಡಿದೆ, ಅವಳು ಬರ್ಲಿಲ್ಲ ಅಂದೆ. ಮುಂದಿನ ಭಾನುವಾರಾನೂ ಅದನ್ನೇ ಅಂದೆ. ಮೂರನೇ ಭಾನುವಾರ ಅಮ್ಮ, 'ಅವಳಿಗೆ ಅವಳ ಮಗು ಇದೆ, ಬಿಡು' ಅಂದ್ಲು. ಮಂಚ ಆ ಗೋಡೆಗೆ ಹಾಕು ಅಂದ್ಲು. ಕಿಟಕಿ ಕಾಣದ ಕಡೆಗೆ. ನಾನೇ ಎಳೆದು ಹಾಕ್ದೆ. ಅಲ್ಲೇ ಹೋದ್ಲು."

ವಿಲ್ಮಾ ಅಳಲಿಲ್ಲ. ಅತ್ತಿದ್ದ ಕೆನ್ನೆಯನ್ನು ಅಂಗೈಯಿಂದ ಒರೆಸಿಕೊಂಡಳು, ಅಷ್ಟೆ. ಅವಳ ಕಣ್ಣು ಎಟೆಲ್ಕಾಳ ಕೈ ಮೇಲಿತ್ತು, ತಾನು ಮುತ್ತಿಟ್ಟಿದ್ದ ಕಡೆ.

"ನಲವತ್ತನಾಲ್ಕು ವರ್ಷ," ಎಂದಳು ಕೊನೆಗೆ, "ಆ ಕಿಟಕಿಗಳನ್ನ ನಾನು ಚಳಿಗಾಲದಲ್ಲೂ ಪೂರ್ತಿ ಮುಚ್ಚಿಲ್ಲ. ಯಜಮಾನ್ರು ಬೈತಿದ್ರು. ಎಷ್ಟು ಸೌದೆ ಸುಟ್ಟಿದೀವಿ ಗೊತ್ತಾ?"

ಎಟೆಲ್ಕಾಗೆ ಎದ್ದು ಹೋಗಬೇಕೆನಿಸಿತು, ಆದರೂ ಕೂತೇ ಇದ್ದಳು. ಬೈಯಲಿ, ಕೋಲಿನಿಂದ ಬಾರಿಸಲಿ, ಬಾಗಿಲು ತೋರಿಸಲಿ ಎಂದು ಕಾದಳು. ವಿಲ್ಮಾ ಏನೂ ಮಾಡಲಿಲ್ಲ.

ಅಂಗಳದಲ್ಲಿ ಬೂಟು ಕೊಡವಿದ ಸದ್ದು ಕೇಳಿತು. ಗಿಜಿ ಕೆಂಪಾದ ಮೂಗಿನೊಂದಿಗೆ ಒಳಗೆ ಬಂದಳು, ಕೈಯಲ್ಲಿ ಕೆನೆಯ ಡಬ್ಬಿ.

"ಮಾತಾಡಿ ಮಾತಾಡಿ ಬಾಯಿ ನೋಯ್ತಿರ್ಬೇಕು ಇಬ್ಬರಿಗೂ! ಇದೇನು, ಶಾವಿಗೆ ಹಾಗೇ ಇದೆ? ತಣ್ಣಗಾಗಿ ಮುದ್ದೆ ಆಗಿದೆಯಲ್ಲ. ಅಮ್ಮ, ನಾಲ್ಕು ಗಂಟೆಯಿಂದ ಇದಕ್ಕೇನಾ ನನ್ನ ಪ್ರಾಣ ತಿಂದಿದ್ದು? ಕೊಡಿ ದೊಡ್ಡಮ್ಮ, ಬಿಸಿ ಮಾಡ್ತೀನಿ."

"ಬೇಡ, ಹಾಗೇ ಇರ್ಲಿ," ಎಂದಳು ವಿಲ್ಮಾ. "ನಿಮ್ಮ ದೊಡ್ಡಮ್ಮನಿಗೆ ಹಲ್ಲಿಲ್ಲ, ನಿಧಾನ." ಅಕ್ಕನ ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದಳು. "ತಿನ್ನು."

ಎಟೆಲ್ಕಾ ಚಮಚ ಎತ್ತಿಕೊಂಡಳು. ಶಾವಿಗೆ ಅಂಟಂಟಾಗಿತ್ತು, ಸಕ್ಕರೆ ಕರಗದೆ ನಾಲಿಗೆಗೆ ತರಿತರಿಯಾಗಿ ಸಿಗುತ್ತಿತ್ತು. ಒಂದೊಂದೇ ತುತ್ತು ನುಂಗಿದಳು. ಗಿಜಿ ಬೆನ್ನು ತಿರುಗಿಸಿ ಕಾಫಿಗೆ ನೀರಿಡುತ್ತ, ಗೇಟು ದಾಟಿ ಬಂದ ಯಾರೋ ಮುದುಕ ಸಾಣೆಕಲ್ಲು ಕೇಳಿ ಮನೆಮನೆ ಅಲೆಯುತ್ತಿದ್ದಾನೆಂದು ಹೇಳಿ ತಾನೇ ನಗುತ್ತಿದ್ದಳು. ಎದುರಿನಲ್ಲಿ ವಿಲ್ಮಾ ಎರಡೂ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನ ತಟ್ಟೆಯನ್ನೇ ನೋಡುತ್ತಿದ್ದಳು. ತಟ್ಟೆ ಖಾಲಿಯಾಗುತ್ತ ಬಂದಾಗ ಪಾತ್ರೆಯನ್ನು ಎಳೆದುಕೊಂಡು, ಬೇಕೇ ಎಂದು ಕೇಳದೆ, ಇನ್ನೊಂದು ಸೌಟು ಬಡಿಸಿದಳು.