ವೆಂಡೆಲ್ ತಡೆದ ಹಾಡು

ವೆಂಡೆಲ್ ಕ್ರೂಪ್ ಅಂಗಡಿಗೆ ಓಟ್ಸ್ ತರಲು ಹೋದರೂ ಜನ ಅವನನ್ನು ನೋಡಿ "ಬೂ..." ಅಂತ ಗೇಲಿ ಮಾಡುತ್ತಿದ್ದರು. ಸಿಟ್ಟಿನಿಂದಲ್ಲ, ಪ್ರೀತಿಯಿಂದ. ಆದರೆ ಐವತ್ತು ವರ್ಷಕ್ಕೂ ಮೇಲೆ ಬೂ ಅನ್ನಿಸಿಕೊಂಡರೆ, ಪ್ರೀತಿಯಿಂದಲೇ ಆದರೂ, ಮನುಷ್ಯನಿಗೆ ಒಂದು ದಿನ ಸಾಕಪ್ಪಾ ಸಾಕು ಅನ್ನಿಸಿಬಿಡುತ್ತದೆ.

"ಇನ್ನಾದ್ರೂ ತಡೀದೆ ಬಿಟ್ಬಿಡಿ ಆ ಹಾಡನ್ನ," ಅಂದಳು ಗಲ್ಲಾದ ಹೆಂಗಸು, ಚೀಲ ಕೈಗಿಡುತ್ತಾ. "ಪಾಪ, ಡೆಲ್‌ಗೆ ಗುರುವಾರ ಗಂಟಲ ಆಪರೇಷನ್ ಅಂತೆ. ಆಮೇಲೆ ದನೀನೇ ಇರಲ್ಲವಂತೆ."

"ನಂಗೆ ಗೊತ್ತಿಲ್ವಾ? ಆಸ್ಪತ್ರೆಗೆ ಕರ್ಕೊಂಡು ಹೋಗೋನೇ ನಾನು," ಅಂದ ವೆಂಡೆಲ್.

ಡೆಲ್ ಅಂದರೆ ಡೆಲ್ಮರ್ ಕ್ವಿಗ್. ಅರವತ್ತರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಾರ್ಕುಗಳಲ್ಲಿ ಗಿಟಾರ್ ಹಿಡಿದು, ಕತ್ತಿಗೆ ಮೌತ್ ಆರ್ಗನ್ ನೇತುಹಾಕಿಕೊಂಡು, ಯುದ್ಧ ಬೇಡ ಪ್ರೀತಿ ಬೇಕು ಅಂತ ಹಾಡುತ್ತಿದ್ದವರಲ್ಲಿ ಎಲ್ಲರಿಗಿಂತ ಉದ್ದ ಕೂದಲಿನವನು. ಹಳ್ಳಿಯ ಹಳೇ ಹಾಡಿನ ಧಾಟಿಗೆ ಕರೆಂಟು ಗಿಟಾರಿನ ಗುಡುಗು ಬೆರೆಸಿ ಊರೂರು ಕುಣಿಸಿದವನು. ವೆಂಡೆಲ್ ಅವನ ಬಾಲ್ಯದ ಗೆಳೆಯ, ಫ್ರೆಸ್ನೋದಲ್ಲಿ ಒಂದೇ ಬೀದಿಯವರು. ವೆಂಡೆಲ್‌ಗೆ ಹಾಡಲು ಬರುವುದಿಲ್ಲ, ಬಾರಿಸಲು ಬರುವುದಿಲ್ಲ, ತಾಳಕ್ಕೆ ತಲೆದೂಗಿದರೂ ತಪ್ಪುತ್ತದೆ. ಅವನು ಪೆಟ್ಟಿಗೆ ಹೊತ್ತ, ವ್ಯಾನು ಓಡಿಸಿದ, ಡೆಲ್ ಹೆಂಡತಿಯರ ಜೊತೆ ಜಗಳ ಆಡಿದಾಗಲೆಲ್ಲ ಮಲಗಲು ಸೋಫಾ ಕೊಟ್ಟ. ಇಷ್ಟೆಲ್ಲ ಮಾಡಿದವನನ್ನು ಜಗತ್ತು ನೆನಪಿಟ್ಟುಕೊಂಡಿದ್ದು ಮಾತ್ರ ಹಾಡು ತಡೆದವನು ಅಂತ.

ಆಗಿದ್ದು ಇಷ್ಟೇ. ಇಬ್ಬರೂ ಮೆಂಡೊಸಿನೋ ಬೆಟ್ಟದ ಮೇಲೆ 'ನೀಲಿ ಕೆಟಲ್' ಅನ್ನುವ ಕಮ್ಯೂನು ಸೇರಿದ್ದರು. ಅಲ್ಲಿ ಎಲ್ಲವೂ ಎಲ್ಲರದು. ಚಾಪೆ ಎಲ್ಲರದು, ಚಪ್ಪಲಿ ಎಲ್ಲರದು, ಹಲ್ಲುಜ್ಜುವ ಬ್ರಷ್ಷಿನ ಬಗ್ಗೆಯೂ ಸ್ವಲ್ಪ ದಿನ ಚರ್ಚೆ ನಡೆದಿತ್ತು. ಗಿಟಾರೂ ಎಲ್ಲರದು, ಆದ್ದರಿಂದ ಅದರಿಂದ ಹುಟ್ಟುವ ಹಾಡೂ ಎಲ್ಲರದು. ಯಾವ ತೀರ್ಮಾನಕ್ಕೂ ಎಲ್ಲರೂ ಹೂಂ ಅನ್ನಬೇಕು, ಒಬ್ಬರು "ತಡೆ" ಅಂದರೂ ಮುಗಿಯಿತು, ಅಲ್ಲಿಗೇ ನಿಂತಿತು. ಆಲೂಗಡ್ಡೆ ಬೇಯಿಸುವುದೋ ಸುಡುವುದೋ ಅಂತ ಒಮ್ಮೆ ಮಾತು ಶುರುವಾಗಿ, ಒಮ್ಮತ ಬರುವಷ್ಟರಲ್ಲಿ ಆಲೂಗಡ್ಡೆ ಮೊಳಕೆ ಒಡೆದಿತ್ತು. ನೆಟ್ಟರು.

ಸಭೆಯಲ್ಲಿ ಮಾತಾಡುವವರು ಒಂದು ಕೋಲು ಹಿಡಿಯಬೇಕಿತ್ತು. ಒಂದು ಚಳಿಗಾಲ ಸೌದೆ ಸಾಲದೆ ಅದನ್ನು ಒಲೆಗೆ ಹಾಕಿದ ಮೇಲೆ ಸೂಪಿನ ಸೌಟು ಆ ಜಾಗಕ್ಕೆ ಬಂತು. ಸೌಟು ಹಿಡಿದು ಸುಳ್ಳು ಹೇಳುವಂತಿರಲಿಲ್ಲ. ಆಮೇಲೆ ಯಾರೋ, ಈ ನೆಲದ ಹುಲ್ಲನ್ನು ನಮಗಿಂತ ಹೆಚ್ಚು ತಿಂದವಳು ನಮ್ಮ ಮೇಕೆ ಹೆನ್ರಿಯೆಟಾ, ಅವಳಿಗೆ ಮಾತಿಲ್ಲ ಅಂದರೆ ಇದೆಂಥ ನ್ಯಾಯ ಅಂತ ಕಣ್ಣೀರು ಹಾಕಿದ್ದರಿಂದ ಮೇಕೆಗೂ ಮತ ಸಿಕ್ಕಿತು. ಸಭೆ ಕೂತ ವೃತ್ತದೊಳಗೆ ಅವಳು ಉಳಿದರೆ ಒಪ್ಪಿಗೆ, ಎದ್ದು ಹೊರಗೆ ಹೋದರೆ ತಡೆ.

ಡೆಲ್ ಅಲ್ಲಿ 'ಎಲ್ಲರ ನದಿ' ಅಂತ ಹಾಡು ಕಟ್ಟಿದ. ಮೊದಲ ಚರಣದಲ್ಲಿ ಮೀನು ಬಂದಿದ್ದಕ್ಕೆ ಸಸ್ಯಾಹಾರಿಗಳು ತಕರಾರು ತೆಗೆದರು, ಮೀನು ಈಜುವುದಷ್ಟೇ, ಯಾರೂ ಹಿಡಿಯುವುದಿಲ್ಲ ಅಂತ ತಿದ್ದಿದ ಮೇಲೆ ಒಪ್ಪಿದರು. ಹಾಗೂ ಹೀಗೂ ಮೂರು ಚರಣ ಪಾಸಾದವು. ನಾಲ್ಕನೆಯದು ಹಾಡುವ ಸಂಜೆ ವೆಂಡೆಲ್ ಕೈ ಎತ್ತಿ "ತಡೆ" ಅಂದ.

ಯಾಕೆ ಅಂದ? ಅವನಿಗೇ ನೆನಪಿಲ್ಲ. ನೆನಪಿಸಿಕೊಳ್ಳಲು ಕೂತರೆ ಬರುವುದು ಒಂದೇ, ಬಲಗಡೆ ಮಂಡಿಯಲ್ಲಿ ಒಂದು ಚಳಕು.

ಅವತ್ತಿನಿಂದ ಡೆಲ್ ಯಾವ ವೇದಿಕೆಯಲ್ಲೂ ಮೂರು ಚರಣ ಹಾಡಿ ನಿಲ್ಲಿಸುತ್ತಿದ್ದ. "ನಾಲ್ಕನೇದು ನನ್ನ ಜೀವದ ಗೆಳೆಯ ವೆಂಡೆಲ್ ತಡ್ದಿದ್ದಾನೆ," ಅನ್ನುತ್ತಿದ್ದ. ಜನ ಬೂ ಅಂತ ಕೂಗಿ, ಕಾಲು ಬಡಿದು, ಬಿದ್ದು ಬಿದ್ದು ನಗುತ್ತಿದ್ದರು. ಡೆಲ್‌ನ ಹಾಡುಗಳಲ್ಲಿ ಕೊನೆಗೂ ಉಳಿದಿದ್ದು ಈ ಅರ್ಧ ಹಾಡೇ.

ಈಗ ಕಮ್ಯೂನಿನಲ್ಲಿ ಉಳಿದವರು ಡೆಲ್, ವೆಂಡೆಲ್, ಸೋರೆಲ್ ಮತ್ತು ಮೇಕೆ. ಮಿಕ್ಕವರಲ್ಲಿ ಕೆಲವರು ಸತ್ತರು, ಕೆಲವರು ವಕೀಲರಾದರು. ಸೋರೆಲ್ ಸೌಟು ಕಾಯುವವಳು. ಅವಳ ಮನೆಯಲ್ಲಿಟ್ಟ ಹೆಸರು ಡೋರೀನ್ ಅಂತ ನೆನಪಿಸಿದರೆ ಇವತ್ತಿಗೂ ಚಪ್ಪಲಿ ಎಸೆಯುತ್ತಾಳೆ. ಮೇಕೆ, ಮೊದಲ ಹೆನ್ರಿಯೆಟಾಳ ಮರಿಯ ಮರಿಯ ಎಷ್ಟನೆಯದೋ ಮರಿ. ಅವಳ ಹೆಸರೂ ಹೆನ್ರಿಯೆಟಾ.

ಓಟ್ಸ್ ಚೀಲ ಹೊತ್ತುಕೊಂಡೇ ವೆಂಡೆಲ್ ಸೋರೆಲ್ ಮನೆಗೆ ಹೋದ.

"ತಡೆ ವಾಪಸ್ ತಗೋತೀನಿ. ಭಾನುವಾರ ಅವನ ಕೊನೇ ಕಾರ್ಯಕ್ರಮ. ದನಿ ಇರೋವಾಗ ಪೂರ್ತಿ ಹಾಡ್ಲಿ."

ಸೋರೆಲ್ ಚಹಾ ಲೋಟ ಕೆಳಗಿಟ್ಟಳು. "ಸುಮ್ನೆ ತಗೊಳ್ಳೋಕಾಗಲ್ಲ ಕಣೋ. ಸಭೆ ಕರೀಬೇಕು. ಸೌಟು ಹಿಡ್ದು ಕಾರಣ ಹೇಳ್ಬೇಕು. ಮೇಕೆ ಒಪ್ಬೇಕು. ಹಾಡಿನ ಕೊನೇ ಸಾಲು ಮುಗಿಯೋತನಕ ಸಭೆ ಮುಗ್ದಂಗಲ್ಲ."

"ಕಾರಣ ನೆನಪಿಲ್ಲ ಅಂದ್ರೆ?"

"ಆ ಕಾಲದಲ್ಲಿ ಯಾರಿಗೆ ಏನು ನೆನಪಿದೆ ಹೇಳು! ನನಗೆ ಒಂದಿಡೀ ಮದುವೇನೇ ನೆನಪಿಲ್ಲ."

ಡೆಲ್‌ಗೆ ಸುದ್ದಿ ಹೇಳಿದಾಗ ಅವನು ಕುಣಿದಾಡುತ್ತಾನೆ ಅಂದುಕೊಂಡಿದ್ದ ವೆಂಡೆಲ್. ಡೆಲ್ ಬಿಳುಚಿಕೊಂಡ.

"ಬಿಡೋ ಮಾರಾಯ. ಈಗ್ಯಾಕೆ ಅದೆಲ್ಲ?"

"ಈಗಲ್ದೆ ಇನ್ಯಾವಾಗ? ಆಪರೇಷನ್ ಆದ್ಮೇಲೆ ಶುಕ್ರವಾರ ಹಾಡ್ತೀಯಾ?"

"ಮೇಕೆ ಒಪ್ಪಲ್ಲ ನೋಡು."

"ಮೇಕೆ ನಂಗೆ ಬಿಡು."

"ಬೇಡ ಬೇಡ," ಅಂದ ಡೆಲ್ ಗಡಿಬಿಡಿಯಿಂದ. "ಮೇಕೆ ನಂಗೆ ಬಿಡು."

ಭಾನುವಾರ ಮಧ್ಯಾಹ್ನ ಹುಲ್ಲುಗಾವಲಿನ ತುಂಬ ಜನ. ಬೋಳಾದ ಹಿಪ್ಪಿಗಳು, ಅವರ ಮಕ್ಕಳು, ಮೊಮ್ಮಕ್ಕಳು, ಒಬ್ಬ ವಕೀಲ. ನಡುವೆ ವೃತ್ತ. ಅದರೊಳಗೆ ಮೂರು ಕುರ್ಚಿ, ಯಾಕೆಂದರೆ ನೆಲದ ಮೇಲೆ ಕೂತರೆ ಯಾರಿಗೂ ಏಳಲಾಗುವುದಿಲ್ಲ. ಕುರ್ಚಿಗಳ ಪಕ್ಕದಲ್ಲಿ ಹೆನ್ರಿಯೆಟಾ ಯಾರದೋ ಟೋಪಿ ಮೇಯುತ್ತಿದ್ದಳು. ವೆಂಡೆಲ್ ಎದ್ದಾಗ ಅಭ್ಯಾಸಬಲದಿಂದ ಎಲ್ಲರೂ ಬೂ ಅಂದರು. ಅವನು ಸೌಟು ಹಿಡಿದ.

"ಅವತ್ತು ನಾನು ಯಾಕೆ ತಡೆ ಅಂದೆ ಅಂತ ನನಗೆ ನೆನಪಿಲ್ಲ. ನಿಜವಾಗ್ಲೂ ಇಲ್ಲ. ಆದ್ರೆ ನನ್ನ ಗೆಳೆಯನ ಹಾಡು ಪೂರ್ತಿ ಕೇಳ್ಬೇಕು ನಾನು. ವಾಪಸ್ ತಗೊಂಡಿದ್ದೀನಿ."

ಯಾರೋ ಮುದುಕ ಬಿಕ್ಕಿದ. ಜೀವಮಾನದಲ್ಲೇ ಮೊದಲ ಸಲ ಜನ ವೆಂಡೆಲ್‌ಗೆ ಚಪ್ಪಾಳೆ ತಟ್ಟಿದರು, ಅವನ ಎದೆ ಬಲೂನಿನ ಹಾಗೆ ಉಬ್ಬಿತು.

"ಇನ್ನು ಹೆನ್ರಿಯೆಟಾ," ಅಂದಳು ಸೋರೆಲ್.

ಹೆನ್ರಿಯೆಟಾ ಟೋಪಿ ಬಿಟ್ಟು ಹೊರಗಿನ ಸೇಬಿನ ಗಿಡದ ಕಡೆ ಎರಡು ಹೆಜ್ಜೆ ಇಟ್ಟಳು. ಎಲ್ಲರೂ ಉಸಿರು ಬಿಗಿಹಿಡಿದರು. ಡೆಲ್ ಮಾತ್ರ ನಿಟ್ಟುಸಿರು ಬಿಟ್ಟ. ಬಿಟ್ಟವನು, ಖುಷಿಗೋ ಏನೋ, ಕಾಲು ಚಾಚಿದ. ಅವನ ಪ್ಯಾಂಟಿನ ಜೇಬಿನಿಂದ ಓಟ್ಸ್ ಬಿಸ್ಕತ್ತುಗಳು ಸುರಿದವು. ಬೆಳಗಿನಿಂದ ಅವನು ಅವನ್ನು ಆ ಗಿಡದ ಬುಡದಲ್ಲಿ ಸುರಿದು, ಮೇಕೆಗೆ ದಾರಿ ತೋರಿಸಿದ್ದ. ಮಿಕ್ಕಿದ್ದು ಜೇಬಿನಲ್ಲಿತ್ತು. ಹೆನ್ರಿಯೆಟಾ ಗಿಡ ಮರೆತಳು, ಸೀದಾ ಹಿಂದಕ್ಕೆ ಓಡಿ ಬಂದು ಡೆಲ್‌ನ ಕಾಲ ಬಳಿ ಮೊಣಕಾಲೂರಿ ಕೂತೇಬಿಟ್ಟಳು.

"ಒಪ್ಪಿಗೆ!" ಸೋರೆಲ್ ಕೂಗಿದಳು. ಜನ ಹುಚ್ಚೆದ್ದರು. ಯಾರೋ ಮೇಕೆಗೆ ಹೂವಿನ ಹಾರ ಹಾಕಿದರು, ಅವಳು ಅದನ್ನೂ ತಿಂದಳು.

ಡೆಲ್ ಗಿಟಾರ್ ಎತ್ತಿದ. ಅವನ ದನಿ ಒಡೆದ ಮಡಕೆಯ ಹಾಗಿತ್ತು, ಆದರೂ ಮೊದಲ ಚರಣಕ್ಕೇ ವೆಂಡೆಲ್‌ಗೆ ಕಣ್ಣು ತುಂಬಿತು. ಮೀನು ಈಜಿತು, ಯಾರೂ ಹಿಡಿಯಲಿಲ್ಲ. ಎರಡನೆಯದಾಯಿತು. ಮೂರನೆಯದರಲ್ಲಿ ಸಾಲು ಸಾಲಿಗೂ ಡೆಲ್ ನಿಧಾನವಾಗುತ್ತ ಹೋದ. ಮುಗಿಯಿತು. ಗಿಟಾರಿನ ತಂತಿಯನ್ನು ಸುಮ್ಮನೆ ಮೀಟುತ್ತ ಕೂತ. ಇನ್ನೂ ಮೀಟಿದ. ಹಣೆಯಿಂದ ಬೆವರಿಳಿಯಿತು. ಜನ ಕತ್ತು ಮುಂದೆ ಚಾಚಿದರು.

ಆಗ ಕುರ್ಚಿಯ ಕೆಳಗಿನಿಂದ ಡೆಲ್‌ನ ಬೂಟು ಬಂದು ವೆಂಡೆಲ್‌ನ ಬಲಗಡೆ ಮಂಡಿಗೆ ಫಟ್ಟಂತ ಒದೆಯಿತು.

ಚಳಕು ಹೊಡೆಯಿತು. ಅದೇ ಮಂಡಿ, ಅದೇ ಜಾಗ, ಅದೇ ಚಳಕು. ವೆಂಡೆಲ್ ತಿರುಗಿ ಗೆಳೆಯನ ಮುಖ ನೋಡಿದ.

"ಆವತ್ತೂ ನೀನೇ ಒದ್ದಿದ್ದಾ?" ಅಂತ ಪಿಸುಗುಟ್ಟಿದ.

"ಹೂಂ ಕಣೋ," ಡೆಲ್ ತುಟಿ ಅಲ್ಲಾಡಿಸದೆ ಅಂದ. "ನಾಲ್ಕನೇದು ಇಲ್ವೇ ಇಲ್ಲ. ಆವತ್ತೂ ಇರ್ಲಿಲ್ಲ. ಒದ್ದೆ, ನೀನು ಕೈ ಎತ್ತಿದೆ."

"ಹೇಳ್ಬಾರ್ದಾಗಿತ್ತಾ, ಮುಂಡೇದೇ!"

"ಹೇಳೋಣ ಅನ್ಕೊಂಡೆ. ಅಷ್ಟರಲ್ಲಿ ಜನ ನಗೋಕೆ ಶುರು ಮಾಡಿದ್ರು."

ಡೆಲ್ ತಂತಿ ಮೀಟುತ್ತಲೇ ಇದ್ದ. ವೆಂಡೆಲ್ ಸುತ್ತ ನೋಡಿದ. ಈಗಷ್ಟೇ ತನಗೆ ಚಪ್ಪಾಳೆ ತಟ್ಟಿದ ಕೈಗಳು ಎಲ್ಲರ ತೊಡೆಯ ಮೇಲೆ ಕಾಯುತ್ತಿದ್ದವು. ಇನ್ನೊಂದು ಘಳಿಗೆ ಸುಮ್ಮನೆ ಕೂತರೆ ಅವನು ಜೀವನಪೂರ್ತಿ ಒಳ್ಳೆಯವನು. ಡೆಲ್‌ನ ಬೆರಳು ತಂತಿಯ ಮೇಲೆ ತಪ್ಪಿತು. ಅವನ ಬೆರಳು ತಪ್ಪಿದ್ದನ್ನು ವೆಂಡೆಲ್ ಎಂದೂ ಕೇಳಿರಲಿಲ್ಲ.

ಅವನು ಸೋರೆಲ್ ಕೈಯಿಂದ ಸೌಟು ಕಸಿದುಕೊಂಡು ಎದ್ದ.

"ತಡೆ!"

"ಏನೋ ಇದು, ಬುದ್ಧಿ ಇದೆಯಾ ನಿಂಗೆ?" ಸೋರೆಲ್ ಹೌಹಾರಿದಳು. "ಕಾರಣ ಹೇಳು! ಸೌಟು ಹಿಡ್ದಿದ್ದೀಯ, ಸುಳ್ಳು ಹೇಳೋ ಹಂಗಿಲ್ಲ!"

ವೆಂಡೆಲ್ ಸೌಟನ್ನು ಎದೆಗವಚಿಕೊಂಡ. ಯೋಚಿಸಬೇಕಾಗಲೇ ಇಲ್ಲ.

"ನನಗೆ ಈ ಹಾಡು ಮುಗಿಯೋದು ಬೇಡ," ಅಂದ.

ಆಮೇಲೆ ಹಿಂದಿನ ಸಾಲಿನಿಂದ ಯಾರೋ ಶುರು ಮಾಡಿದರು, ಬೂ... ಅಂತ. ಅದು ಹುಲ್ಲುಗಾವಲಿಡೀ ಹಬ್ಬಿತು. ವಕೀಲ ಕುರ್ಚಿ ಹತ್ತಿ ನಿಂತು ಕೂಗಿದ. ಮುದುಕರು ಕೋಲು ಕುಟ್ಟಿದರು, ಮಕ್ಕಳು ಕಿರುಚಿದರು, ಹೆನ್ರಿಯೆಟಾ ಬ್ಯಾ ಅಂದಳು. ಡೆಲ್ ಮೈಕಿನ ಹತ್ತಿರ ಬಾಗಿ, ಉಳಿದಿದ್ದ ದನಿಯನ್ನೆಲ್ಲ ಕೂಡಿಸಿ, "ನೋಡಿದ್ರಾ ನನ್ನ ಜೀವದ ಗೆಳೆಯನ್ನ?" ಅಂದ. ಅವನು ಮೈಕಿನಲ್ಲಿ ಆಡಿದ ಕೊನೆಯ ಮಾತು ಅದು. ವೆಂಡೆಲ್ ಸೌಟು ಎತ್ತಿ ಎಲ್ಲ ದಿಕ್ಕಿಗೂ ನಮಸ್ಕಾರ ಮಾಡಿದ.

ಆಪರೇಷನ್ ಆಗಿ ಮೂರನೇ ದಿನ ನರ್ಸು ಹಸಿರು ಜೆಲ್ಲಿಯ ಬಟ್ಟಲು ಹಿಡಿದು ಬಂದಳು. ಡೆಲ್ ಗಂಟಲಿಗೆ ಬ್ಯಾಂಡೇಜು ಸುತ್ತಿಕೊಂಡು ಸೂರು ನೋಡುತ್ತ ಮಲಗಿದ್ದ. ವೆಂಡೆಲ್ ಮಂಚದ ಅಂಚಿಗೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ, ಅವನಿಗಾಗಿ.

"ಸ್ವಲ್ಪ ಜೆಲ್ಲಿ ತಿಂತೀರಾ, ಸಾರ್?" ಕೇಳಿದಳು ನರ್ಸು.

ಹೊದಿಕೆಯೊಳಗಿನಿಂದ ಒಂದು ಕಾಲು ಬಂದು ವೆಂಡೆಲ್‌ನ ಮಂಡಿಗೆ ಒದೆಯಿತು.

"ತಡೆ ಅಂತಿದ್ದಾನೆ," ಅಂದ ವೆಂಡೆಲ್. "ಕೆಂಪು ಜೆಲ್ಲಿ ಇದೆಯಾ?"